ಸೂಜಿಗಿಂತ ಮೊದಲು ಬರುವ ಮಾತು

2021ರ ಮೇ ತಿಂಗಳಲ್ಲಿ ಯಾರಿಗೆ ಫೋನ್ ಮಾಡಿದರೂ ಆ ಕಡೆ ರಿಂಗ್ ಆಗುವ ಮೊದಲು ಒಂದು ಧ್ವನಿ ಅಡ್ಡ ಬರುತ್ತಿತ್ತು: ಲಸಿಕೆ ಹಾಕಿಸಿಕೊಳ್ಳಿ. ಅದನ್ನು ಕೇಳಿ ಹೋದವರಲ್ಲಿ ಅನೇಕರು ಆಸ್ಪತ್ರೆಯ ಗೇಟಿನಿಂದಲೇ ವಾಪಸ್ ಬಂದರು. ಲಸಿಕೆ ಖಾಲಿಯಾಗಿತ್ತು. ಕರ್ನಾಟಕ ಸರ್ಕಾರ 18ರಿಂದ 44 ವರ್ಷದವರಿಗೆ ಲಸಿಕೆ ಕೊಡಲು ಶುರುಮಾಡಿ, ಕೆಲವೇ ದಿನಗಳಲ್ಲಿ, ಮೇ 14ರಿಂದ ಅದನ್ನು ತಡೆಹಿಡಿಯಿತು. ಅದೇ ವಾರ ದೆಹಲಿ ಹೈಕೋರ್ಟ್ ಕೇಂದ್ರ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಕೊಡಲು ಸಾಕಷ್ಟು ಲಸಿಕೆಯೇ ಇಲ್ಲದಿರುವಾಗ ಹಾಕಿಸಿಕೊಳ್ಳಿ ಎಂದು ಜನರ ಕಿವಿ ಕೊರೆಯುವುದೇಕೆ ಎಂಬುದು ನ್ಯಾಯಾಲಯದ ಪ್ರಶ್ನೆಯಾಗಿತ್ತು.

ಆ ಸಂದೇಶದಲ್ಲಿ ತಪ್ಪೇನೂ ಇರಲಿಲ್ಲ. ಭಾಷೆ ಸರಳವಾಗಿತ್ತು, ಸಲಹೆ ಸರಿಯಾಗಿತ್ತು, ಕೋಟಿಗಟ್ಟಲೆ ಜನರನ್ನು ಅದು ಮುಟ್ಟಿತ್ತು. ಆದರೂ ಅದು ನಗೆಪಾಟಲಾಯಿತು. ಆರೋಗ್ಯ ಇಲಾಖೆಯ ಮಾತು ಕೇಳಿ ಜನ ಲಸಿಕೆಗೆ ತೋಳು ಒಡ್ಡುತ್ತಾರೆಯೇ? ಒಡ್ಡುವುದಾದರೆ ಯಾವ ಮಾತಿಗೆ, ಯಾರ ಮಾತಿಗೆ, ಎಂಥ ಸಂದರ್ಭದಲ್ಲಿ? ಈ ಪ್ರಶ್ನೆಗಳಿಗೆ ಎರಡು ಶತಮಾನಗಳ ಅನುಭವವಿದೆ, ಆರು ದಶಕಗಳ ಪ್ರಯೋಗಗಳಿವೆ. ಎಲ್ಲವನ್ನೂ ಒಂದೆಡೆ ಇಟ್ಟು ನೋಡಿದರೆ ಹೊರಡುವ ಉತ್ತರ ಜಾಹೀರಾತು ಬರೆಯುವವರಿಗೆ ಹಿತವಾಗುವಂಥದ್ದಲ್ಲ. ಮಾತಿಗೆ ಸ್ವಂತ ಬಲ ಕಡಿಮೆ. ಅದನ್ನು ಆಡಿದವರು ಅದಕ್ಕೆ ಮೊದಲು ಏನು ಮಾಡಿದ್ದರು, ಆಮೇಲೆ ಏನು ಮಾಡಿದರು ಎಂಬುದರ ಮೇಲೆ ಅದರ ತೂಕ ನಿಂತಿದೆ.

ಲಸಿಕೆಗೆ ಹಿಂಜರಿಯುವವರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನು ಮೊದಲಿಗೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವೊಂದು 2014ರಲ್ಲಿ ಹಿಂಜರಿಕೆಗೆ ಮೂರು ಬೇರುಗಳನ್ನು ಗುರುತಿಸಿತು: ಲಸಿಕೆಯ ಮೇಲೋ ಕೊಡುವವರ ಮೇಲೋ ನಂಬಿಕೆ ಇಲ್ಲದಿರುವುದು, ರೋಗ ನಮಗೇನೂ ಮಾಡದು ಎಂಬ ಉದಾಸೀನ, ಮತ್ತು ಹೋಗಿ ಹಾಕಿಸಿಕೊಳ್ಳಲು ಅನುಕೂಲ ಇಲ್ಲದಿರುವುದು. 2019ರಲ್ಲಿ ಅದೇ ಸಂಸ್ಥೆ ಜಗತ್ತಿನ ಆರೋಗ್ಯಕ್ಕೆ ಇರುವ ಹತ್ತು ಬೆದರಿಕೆಗಳ ಪಟ್ಟಿಯಲ್ಲಿ ಈ ಹಿಂಜರಿಕೆಯನ್ನೂ ಸೇರಿಸಿತು. ಕೂಲಿ ತಪ್ಪುತ್ತದೆಂದು ಮಗುವನ್ನು ಕರೆತಾರದ ತಾಯಿಯೂ, ವಾಟ್ಸ್ಆ್ಯಪ್ ವಿಡಿಯೊ ನೋಡಿ ಹೆದರಿದ ಎಂಜಿನಿಯರೂ ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ‘ಲಸಿಕೆ ಪಡೆಯದವರು’ ಎಂಬ ಒಂದೇ ಕಾಲಂನಲ್ಲಿ ಬರುತ್ತಾರೆ. ಇಬ್ಬರಿಗೂ ಒಂದೇ ಪೋಸ್ಟರ್ ತೋರಿಸುವುದು ಹಣ ಪೋಲು ಮಾಡಿದಂತೆ.

ಅರಮನೆಯ ತೋಳು, ಕಟ್ಟಿದ ಶಾಸ್ತ್ರ

ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆ ಹಾಕಿದ್ದು 1802ರ ಜೂನ್‌ನಲ್ಲಿ, ಬೊಂಬಾಯಿಯ ಮೂರು ವರ್ಷದ ಒಂದು ಹೆಣ್ಣುಮಗುವಿಗೆ. ಜನರನ್ನು ಒಪ್ಪಿಸುವ ಪ್ರಯತ್ನವೂ ಬೆನ್ನಿಗೇ ಶುರುವಾಯಿತು. ಅದರಲ್ಲಿ ಮೈಸೂರಿನದು ಒಂದು ಕುತೂಹಲದ ಅಧ್ಯಾಯ. 1805ರ ಸುಮಾರಿಗೆ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಮೂವರು ರಾಜಸ್ತ್ರೀಯರ ತೈಲಚಿತ್ರ ಬರೆದ. ಅವರು ನರ್ತಕಿಯರೆಂದೇ ಬಹುಕಾಲ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆ ವಾದ ಮುಂದಿಟ್ಟರು: ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರು ಮತ್ತು ಮನೆಯ ಹಿರಿಯರಾದ ಲಕ್ಷ್ಮಮ್ಮಣ್ಣಿಯವರು. ಒಬ್ಬ ರಾಣಿಯ ಮೂಗು ಬಾಯಿಗಳ ಸುತ್ತ ಕಾಣುವ ಬಣ್ಣಗೆಟ್ಟ ಚರ್ಮ ಸಿಡುಬಿನ ಕೀವನ್ನೇ ಬಳಸುವ ಹಳೆಯ ಪದ್ಧತಿಯ ಗುರುತು. ಇನ್ನೊಬ್ಬ ರಾಣಿ ಸೀರೆಯ ಸೆರಗನ್ನು ಸರಿಸಿ ತೋರುತ್ತಿರುವುದು ಹೊಸ ಲಸಿಕೆ ಹಾಕಿಸಿಕೊಂಡ ತೋಳು. ಈ ವಾದವನ್ನು ಒಪ್ಪಿದರೆ ಅದು ನಮ್ಮ ನಾಡಿನ ಬಹು ಹಳೆಯ ಲಸಿಕಾ ಜಾಹೀರಾತು. ಅದರಲ್ಲಿ ಒಂದಕ್ಷರವಿಲ್ಲ, ಉಪದೇಶವಿಲ್ಲ. ಅರಮನೆಯವರೇ ಹಾಕಿಸಿಕೊಂಡಿದ್ದಾರೆ ಎಂಬ ಸುದ್ದಿಯಷ್ಟೇ ಅದರ ಸಾರ.

ಮದರಾಸಿನಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿನ ಕಲೆಕ್ಟರ್, ದ್ರಾವಿಡ ಭಾಷೆಗಳ ವಿದ್ವಾಂಸ ಎಫ್. ಡಬ್ಲ್ಯು. ಎಲ್ಲಿಸ್, ಧನ್ವಂತರಿಯ ಬಾಯಲ್ಲಿ, ಹೊಸ ಲಸಿಕೆಯ ಮೂಲವಾದ ಗೋಸಿಡುಬಿನ ಮಹಿಮೆ ಹೇಳಿಸುವ ತಮಿಳು ಕೃತಿಯೊಂದನ್ನು ರಚಿಸಿದ. ಗೋವು ಕೊಟ್ಟ ಇನ್ನೊಂದು ವರವೆಂದರೆ ಜನ ಒಪ್ಪಿಯಾರು ಎಂಬುದು ಅವನ ಲೆಕ್ಕಾಚಾರ. ಇದೇ ಕಾಲದಲ್ಲಿ ಪ್ರಾಚೀನವೆಂದು ಹೇಳಿದ ಸಂಸ್ಕೃತ ವಾಕ್ಯಗಳೂ ಪತ್ರಿಕೆಯಲ್ಲಿ ಅಚ್ಚಾದವು. ಮುಂದೆ ಅವೇ, ಈ ಲಸಿಕೆಯನ್ನು ಬಳಕೆಗೆ ತಂದ ಇಂಗ್ಲೆಂಡಿನ ವೈದ್ಯ ಜೆನ್ನರ್‌ಗಿಂತ ಎಷ್ಟೋ ಮೊದಲು ನಮ್ಮಲ್ಲಿ ಲಸಿಕೆ ಇತ್ತು ಎಂಬ ವಾದಕ್ಕೆ ಪುರಾವೆಗಳಾಗಿ ಓಡಾಡಿದವು. ಅವುಗಳ ಬುಡವನ್ನು ಶೋಧಿಸಿದ ವಿದ್ವಾಂಸ ಡೊಮಿನಿಕ್ ವುಯಾಸ್ಟಿಕ್ ಇದನ್ನು ಸದುದ್ದೇಶದ ವಂಚನೆಯೆಂದು ಕರೆದರು. ಒಳ್ಳೆಯ ಕೆಲಸಕ್ಕೆಂದು ಹುಟ್ಟಿಸಿದ ಸುಳ್ಳು, ಹುಟ್ಟಿಸಿದವರ ಕೈತಪ್ಪಿ ಇನ್ನೊಂದು ಸುಳ್ಳಿಗೆ ಆಧಾರವಾಯಿತು.

ಸ್ವಾತಂತ್ರ್ಯದ ನಂತರ ಕ್ಷಯಕ್ಕೆ ಬಿಸಿಜಿ ಅಭಿಯಾನ ಬಂದಾಗ ಅದನ್ನು ಎದುರಿಸಿ ನಿಂತವರು ಸಿ. ರಾಜಗೋಪಾಲಾಚಾರಿ. 1955ರಲ್ಲಿ ತಮ್ಮ ವಿರೋಧವನ್ನು ಬರೆದು ಪ್ರಕಟಿಸಿದ ಅವರು ಗವರ್ನರ್ ಜನರಲ್ ಆಗಿದ್ದವರು. ಅವರನ್ನು ತಿಳಿವಳಿಕೆ ಇಲ್ಲದವರ ಪಟ್ಟಿಗೆ ಸೇರಿಸಲು ಯಾರಿಗೂ ಆಗುತ್ತಿರಲಿಲ್ಲ. ಅವರ ವಾದಗಳಲ್ಲಿ ಹಲವು ನಿಲ್ಲುವಂಥವಲ್ಲ. ಆದರೆ 1968ರಲ್ಲಿ ಚೆಂಗಲ್ಪಟ್ಟಿನಲ್ಲಿ ಶುರುವಾದ ದೊಡ್ಡ ಪರೀಕ್ಷೆ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯುವುದರಲ್ಲಿ ಬಿಸಿಜಿ ಕೆಲಸಕ್ಕೆ ಬಾರದೆಂದು ತೋರಿಸಿತು. ಎಳೆಮಕ್ಕಳಲ್ಲಿ ಮಿದುಳುಪೊರೆಯ ಕ್ಷಯದಂಥ ಭೀಕರ ರೂಪಗಳನ್ನು ಅದು ತಡೆಯುತ್ತದೆ, ಆದ್ದರಿಂದಲೇ ಇಂದಿಗೂ ಹುಟ್ಟಿದ ಕೂಡಲೇ ಕೊಡುತ್ತೇವೆ. ಅಭಿಯಾನ ನಡೆಸುವವರು ಇದರಿಂದ ಕಲಿಯಬೇಕಾದದ್ದಿದೆ. ಪ್ರಶ್ನೆ ಕೇಳುವವರೆಲ್ಲ ಅಜ್ಞಾನಿಗಳೆಂದು ಹೊರಟರೆ, ಮುಂದೆ ವಿಜ್ಞಾನವೇ ತನ್ನ ಮಾತನ್ನು ತಿದ್ದಿಕೊಂಡಾಗ ಮುಖ ತೋರಿಸುವುದು ಕಷ್ಟ.

ಮಾಹಿತಿ ಕೊಟ್ಟರೆ ಸಾಕೆ?

ಜನಕ್ಕೆ ಗೊತ್ತಿಲ್ಲ, ಗೊತ್ತುಮಾಡಿಸಿದರೆ ಬರುತ್ತಾರೆ. ಹೆಚ್ಚಿನ ಪ್ರಚಾರ ನಿಂತಿರುವುದು ಈ ನಂಬಿಕೆಯ ಮೇಲೆ. ಅದನ್ನು ಅಲುಗಿಸಿದ ಮೊದಲ ಪ್ರಯೋಗಗಳಲ್ಲೊಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಮನಶ್ಶಾಸ್ತ್ರಜ್ಞ ಹೊವಾರ್ಡ್ ಲೆವೆಂತಾಲ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಕಿರುಹೊತ್ತಿಗೆ ಓದಿಸಿದರು. ಕೆಲವರದು ಎದೆ ನಡುಗಿಸುವ ವಿವರ, ಚಿತ್ರಗಳುಳ್ಳದ್ದು. ಕೆಲವರದು ಸೌಮ್ಯವಾದದ್ದು. ಭಯ ಹುಟ್ಟಿಸಿದ ಹೊತ್ತಿಗೆ ಓದಿದವರು ಲಸಿಕೆ ಹಾಕಿಸಿಕೊಳ್ಳುತ್ತೇವೆಂದು ಹೆಚ್ಚು ಸಂಖ್ಯೆಯಲ್ಲಿ ಹೇಳಿದರು. ನಿಜಕ್ಕೂ ಹೋದವರನ್ನು ಎಣಿಸಿದಾಗ ಚಿತ್ರ ಬದಲಾಯಿತು. ಆರೋಗ್ಯ ಕೇಂದ್ರ ಎಲ್ಲಿದೆ ಎಂಬ ನಕ್ಷೆ ಕೊಟ್ಟು, ನಿಮ್ಮ ದಿನಚರಿಯಲ್ಲಿ ಯಾವಾಗ ಹೋಗುತ್ತೀರೆಂದು ಯೋಚಿಸಿ ಎಂದವರಲ್ಲಿ ನೂರಕ್ಕೆ ಸುಮಾರು 28 ಜನ ಹೋಗಿದ್ದರು. ಅದಿಲ್ಲದವರಲ್ಲಿ ಹೋದವರು ಸುಮಾರು 3. ಭಯ ಮನಸ್ಸನ್ನು ಕದಲಿಸಿತು, ಕಾಲನ್ನು ಕದಲಿಸಿದ್ದು ನಕ್ಷೆ.

ಇನ್ನೂ ಮುಜುಗರದ ಫಲಿತಾಂಶ ಬಂದದ್ದು 2014ರಲ್ಲಿ. ದಡಾರ, ಮಂಗನಬಾವು, ರುಬೆಲ್ಲಾಗಳ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆಯೆಂದು ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಬ್ಬಿಸಿದ ಗುಲ್ಲು ಎಲ್ಲರಿಗೂ ಗೊತ್ತು. 2010ರಲ್ಲಿ ಪತ್ರಿಕೆ ಆ ಲೇಖನವನ್ನೇ ಹಿಂಪಡೆಯಿತು. ಹೀಗೆ ಹಬ್ಬಿದ ಅನುಮಾನವನ್ನು ಯಾವ ಮಾತು ತೊಳೆಯುತ್ತದೆ ಎಂದು ಬ್ರೆಂಡನ್ ನೈಹನ್ ತಂಡ ಅಮೆರಿಕದ 1,759 ಪೋಷಕರ ಮೇಲೆ ನಾಲ್ಕು ಬಗೆಯ ಸಂದೇಶ ಪ್ರಯೋಗಿಸಿ ನೋಡಿತು: ಆಟಿಸಂ ನಂಟು ಸುಳ್ಳೆಂಬ ವಿವರಣೆ, ರೋಗಗಳ ಅಪಾಯದ ಮಾಹಿತಿ, ರೋಗಪೀಡಿತ ಮಕ್ಕಳ ಚಿತ್ರಗಳು, ಸಾವಿನಂಚಿಗೆ ಹೋದ ಮಗುವಿನ ತಾಯಿಯ ಕಥೆ. ಒಂದೂ ಮುಂದಿನ ಮಗುವಿಗೆ ಲಸಿಕೆ ಹಾಕಿಸುವ ಇರಾದೆಯನ್ನು ಹೆಚ್ಚಿಸಲಿಲ್ಲ. ಸುಳ್ಳೆಂಬ ವಿವರಣೆಯಿಂದ ತಪ್ಪು ಕಲ್ಪನೆಯೇನೋ ತಗ್ಗಿತು. ಆದರೆ ಮೊದಲೇ ಲಸಿಕೆಯ ಬಗ್ಗೆ ಅತಿ ಹೆಚ್ಚು ಮುನಿಸಿದ್ದ ಪೋಷಕರಲ್ಲಿ ಇರಾದೆ ಇನ್ನಷ್ಟು ಕುಸಿಯಿತು. ತಿದ್ದಿದರೆ ತಿರುಗಿಬೀಳುವುದು ಎಲ್ಲೆಡೆಯ ನಿಯಮವೇನಲ್ಲ, ಅದು ಅಪರೂಪವೆಂದು ನಂತರದ ಅಧ್ಯಯನಗಳು ಹೇಳಿವೆ. ಆದರೆ ಸುಳ್ಳನ್ನು ಸುಳ್ಳೆಂದು ಒಪ್ಪಿಸುವುದೇ ಒಂದು ಕೆಲಸ, ಲಸಿಕೆಗೆ ಒಪ್ಪಿಸುವುದೇ ಇನ್ನೊಂದು ಕೆಲಸ ಎಂಬ ತಿಳಿವು ಮಾತ್ರ ಉಳಿಯಿತು.

ಇಂಥ ನೂರಾರು ಅಧ್ಯಯನಗಳನ್ನು ಜರಡಿ ಹಿಡಿದ ನೋಯೆಲ್ ಬ್ರೂವರ್ ಮತ್ತಿತರರ 2017ರ ಸಮೀಕ್ಷೆ ಇದನ್ನೇ ನೇರವಾಗಿ ಹೇಳಿತು. ಜನರ ಆಲೋಚನೆ, ಭಾವನೆಗಳನ್ನು ಬದಲಿಸಲು ಹೊರಟ ಪ್ರಯತ್ನಗಳಿಂದ ಲಸಿಕೆ ಪಡೆದವರ ಸಂಖ್ಯೆ ಏರಿದ್ದಕ್ಕೆ ಪುರಾವೆ ತೀರಾ ಕಡಿಮೆ. ಈಗಾಗಲೇ ಇರುವ ಒಳ್ಳೆಯ ಇರಾದೆಯನ್ನು ನೆರವೇರಿಸಲು ನೆರವಾದ ಕ್ರಮಗಳು, ಅಂದರೆ ನೆನಪಿನ ಕರೆ, ಮೊದಲೇ ಗೊತ್ತುಮಾಡಿದ ಸಮಯ, ಹತ್ತಿರದ ಶಿಬಿರ, ಇವು ಹೆಚ್ಚು ಫಲ ಕೊಟ್ಟಿವೆ.

ಕೋವಿಡ್ ಕಾಲದ ಪ್ರಯೋಗಗಳೂ ಇದೇ ದಿಕ್ಕಿನಲ್ಲಿವೆ. ಲಾಸ್ ಏಂಜಲಿಸ್‌ನ ಯುಸಿಎಲ್ಎ ಆಸ್ಪತ್ರೆಗಳು ಕಳಿಸಿದ ಒಂದು ಮೊಬೈಲ್ ಸಂದೇಶ ಲಸಿಕೆ ಪಡೆದವರನ್ನು ನೂರಕ್ಕೆ ಮೂರೂವರೆಯಷ್ಟು ಹೆಚ್ಚಿಸಿತು. ಅದರ ಜೊತೆ ಮನವೊಲಿಸುವ ವಿಡಿಯೊ ಸೇರಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. ಫ್ಲೂ ಲಸಿಕೆಗೆ ಕ್ಯಾಥರಿನ್ ಮಿಲ್ಕ್‌ಮನ್ ತಂಡ ಹತ್ತೊಂಬತ್ತು ಬಗೆಯ ಸಂದೇಶಗಳನ್ನು 47,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಗೆದ್ದದ್ದು ಜೋಕೂ ಅಲ್ಲ, ಅಂಕಿಅಂಶವೂ ಅಲ್ಲ. ನಿಮಗಾಗಿ ಒಂದು ಡೋಸ್ ತೆಗೆದಿರಿಸಿದ್ದೇವೆ ಎಂಬ ಸಪ್ಪೆ ವಾಕ್ಯ ಗೆದ್ದಿತು. ಈ ಲಾಭಗಳು ಚಿಕ್ಕವು, ಆದರೆ ಕರ್ನಾಟಕದಂಥ ಆರೇಳು ಕೋಟಿಯ ರಾಜ್ಯದಲ್ಲಿ ನೂರಕ್ಕೆ ಮೂರು ಎಂದರೆ ಚಿಕ್ಕ ಸಂಖ್ಯೆಯಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ನೆನಪಿನ ಸಂದೇಶ ಮರೆತವರನ್ನು ಕರೆತರುತ್ತದೆ, ಬೇಡವೆಂದವರನ್ನು ಅಲ್ಲ.

ಬೇಳೆ ಆಡಿದ ಮಾತು

ಮನವೊಲಿಸುವುದಕ್ಕಿಂತ ದಾರಿ ಸುಗಮ ಮಾಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದಕ್ಕೆ ಭಾರತದ ಮಟ್ಟಿಗೆ ಬಹು ಚೆನ್ನಾದ ನಿದರ್ಶನ ರಾಜಸ್ಥಾನದ ಉದಯಪುರ ಜಿಲ್ಲೆಯದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಸೇವಾ ಮಂದಿರ ಸಂಸ್ಥೆಯೊಂದಿಗೆ 134 ಹಳ್ಳಿಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಏನೂ ಹೊಸದು ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪೂರೈಸಿದ ಮಕ್ಕಳು ಶೇ. 6. ತಿಂಗಳು ತಿಂಗಳು ತಪ್ಪದೆ ಶಿಬಿರ ನಡೆದ ಕಡೆ ಶೇ. 18. ಶಿಬಿರದ ಜೊತೆ ಪ್ರತಿ ಸಲ ಒಂದು ಕೆ.ಜಿ. ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆ ಕೊಟ್ಟ ಕಡೆ ಶೇ. 39. ಒಂದು ಕೆ.ಜಿ. ಬೇಳೆಗಾಗಿ ಯಾವ ತಾಯಿಯೂ ತನ್ನ ಧರ್ಮವನ್ನೋ ಭಯವನ್ನೋ ಬಿಟ್ಟುಕೊಡುವುದಿಲ್ಲ. ಅಂದಮೇಲೆ ಅಲ್ಲಿ ಇದ್ದದ್ದು ಬಲವಾದ ವಿರೋಧವಲ್ಲ, ಈ ತಿಂಗಳು ಬೇಡ, ಮುಂದಿನ ತಿಂಗಳು ನೋಡೋಣ ಎಂಬ ಮುಂದೂಡಿಕೆ. ತಪ್ಪದೆ ಬರುವ ನರ್ಸ್ ಮತ್ತು ಕೈಗೆ ಸಿಗುವ ಬೇಳೆ, ಎರಡೂ ಸೇರಿ ಹೇಳಿದ್ದು ಇಷ್ಟು: ನಿಮ್ಮ ಸಮಯಕ್ಕೆ ಬೆಲೆ ಇದೆಯೆಂದು ನಮಗೆ ಗೊತ್ತು.

ಎಲ್ಲ ಆಮಿಷವೂ ಹೀಗೆ ಕೆಲಸ ಮಾಡುವುದಿಲ್ಲ. ಸ್ವೀಡನ್ನಿನಲ್ಲಿ 200 ಕ್ರೋನರ್ ಖಚಿತವಾಗಿ ಕೊಟ್ಟಾಗ ನೂರಕ್ಕೆ ನಾಲ್ಕು ಜನ ಹೆಚ್ಚು ಬಂದರು. ಅಮೆರಿಕದ ಒಹಾಯೊ ರಾಜ್ಯ ಹತ್ತು ಲಕ್ಷ ಡಾಲರಿನ ಲಾಟರಿ ಘೋಷಿಸಿದಾಗ ಸುದ್ದಿಯಾಯಿತೇ ಹೊರತು, ಲಸಿಕೆ ಏರಿದ್ದಕ್ಕೆ ನಂಬುವಂಥ ಪುರಾವೆ ಸಿಗಲಿಲ್ಲ.

ಬಾಗಿಲಲ್ಲಿ ನಿಂತವರು ಯಾರು?

ಉತ್ತರ ಪ್ರದೇಶದ ಪೋಲಿಯೊ ಕಥೆಯನ್ನು ನಾವು ಸಾಮಾನ್ಯವಾಗಿ ಅಮಿತಾಭ್ ಬಚ್ಚನ್ ಗದರಿದ ಜಾಹೀರಾತಿನ ಮೂಲಕ ನೆನೆಯುತ್ತೇವೆ. ಆ ಗದರಿಕೆಗೆ ಬೆಲೆ ಇತ್ತು, ಅದು ಹನಿ ಹಾಕಿಸದಿರುವುದನ್ನು ನಾಚಿಕೆಯ ವಿಷಯವಾಗಿಸಿತು. ಆದರೆ 2002ರಲ್ಲಿ ದೇಶದಲ್ಲಿ 1,600 ಪೋಲಿಯೊ ಪ್ರಕರಣಗಳು ಕಂಡಾಗ, ಹೆಚ್ಚಿನವು ಉತ್ತರ ಪ್ರದೇಶದವು, ಕೆಲವು ಓಣಿಗಳಲ್ಲಿ ಬಾಗಿಲೇ ತೆರೆಯುತ್ತಿರಲಿಲ್ಲ. ಹನಿ ಹಾಕಿಸಿದರೆ ಮಕ್ಕಳಾಗುವುದಿಲ್ಲವಂತೆ ಎಂಬ ಗುಮಾನಿ ಮುಸ್ಲಿಂ ಬಡಾವಣೆಗಳಲ್ಲಿ ಹಬ್ಬಿತ್ತು. ತುರ್ತು ಪರಿಸ್ಥಿತಿಯಲ್ಲಿ ಜನರನ್ನು ಹಿಡಿದು ಸಂತಾನಹರಣ ಚಿಕಿತ್ಸೆ ಮಾಡಿದ ಸರ್ಕಾರದ ನೆನಪು ಇನ್ನೂ ಮಾಸದ ನಾಡಿನಲ್ಲಿ ಆ ಗುಮಾನಿಯನ್ನು ಮೂರ್ಖತನವೆಂದು ತಳ್ಳಿಹಾಕುವುದು ಸುಲಭವಲ್ಲ. ಇನ್ನೊಂದು ದೂರು ಮತ್ತೂ ನ್ಯಾಯವಾಗಿತ್ತು. ಮಗುವಿಗೆ ಭೇದಿಯಾದಾಗ ಬಾರದವರು, ಚರಂಡಿ ಕಟ್ಟಿದಾಗ ಬಾರದವರು, ಈ ಎರಡು ಹನಿಗೆ ಮಾತ್ರ ತಿಂಗಳು ತಿಂಗಳು ಬಾಗಿಲು ಬಡಿಯುವುದೇಕೆ?

ಅಲ್ಲಿ ಆಟ ತಿರುಗಿಸಿದ್ದು ಯುನಿಸೆಫ್ ಕಟ್ಟಿದ ಸಂಘಟಕಿಯರ ಜಾಲ. ಅದೇ ಓಣಿಯ ಹೆಂಗಸರು, ಅದೇ ಭಾಷೆ, ಅದೇ ಬುರ್ಖಾ. ಮಸೀದಿಗಳಿಂದ ಇಮಾಮರ ಪ್ರಕಟಣೆ ಕೇಳಿಬಂತು. ಅಲೀಗಢ, ಜಾಮಿಯಾ ವಿಶ್ವವಿದ್ಯಾಲಯಗಳ ಹೆಸರು ಜೊತೆಗೂಡಿತು. 2009ರಲ್ಲಿ ಉತ್ತರ ಪ್ರದೇಶ, ಬಿಹಾರಗಳ ಅತ್ಯಂತ ಅಪಾಯದ 107 ಬ್ಲಾಕುಗಳಲ್ಲಿ ಪೋಲಿಯೊ ಜೊತೆಗೆ ಭೇದಿಯ ಚಿಕಿತ್ಸೆ, ಶೌಚ, ಸ್ತನ್ಯಪಾನ, ಉಳಿದ ಲಸಿಕೆ ಎಲ್ಲವನ್ನೂ ಸೇರಿಸಿದರು. ಜನ ಕೇಳಿದ್ದ ಪ್ರಶ್ನೆಗೆ ಭಾಷಣದ ಬದಲು ಕೆಲಸದಲ್ಲಿ ಉತ್ತರ ಸಿಕ್ಕಿತ್ತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಪ್ರಮಾಣಪತ್ರ ಬಂತು.

ಉತ್ತರ ನೈಜೀರಿಯಾದಲ್ಲಿ 2003ರಲ್ಲಿ ಇದೇ ಸಂತಾನಹೀನತೆಯ ಗುಮಾನಿಯಿಂದ ಪೋಲಿಯೊ ಲಸಿಕೆಗೆ ಬಹಿಷ್ಕಾರ ಬಿತ್ತು. ಅಲ್ಲಿಯೂ ಭಯಕ್ಕೊಂದು ಹಿನ್ನೆಲೆ ಇತ್ತು: ಕಾನೊ ನಗರದಲ್ಲಿ 1996ರ ಮಿದುಳುಪೊರೆ ಉರಿಯೂತದ ಹಾವಳಿಯ ನಡುವೆ ಫೈಜರ್ ಕಂಪನಿ ಮಕ್ಕಳ ಮೇಲೆ ನಡೆಸಿದ ಟ್ರೋವನ್ ಔಷಧದ ಪ್ರಯೋಗ. ಮುಸ್ಲಿಂ ಬಹುಸಂಖ್ಯಾತ ಇಂಡೊನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಿದ ಮೇಲೆ ಕಾನೊ ಪಟ್ಟು ಸಡಿಲಿಸಿತು. ಅಷ್ಟರಲ್ಲಿ ಅಲ್ಲಿನ ವೈರಸ್ ಹಲವು ದೇಶಗಳಿಗೆ ಹರಡಿಯಾಗಿತ್ತು.

ಯಾರ ಮಾತು ಊರಲ್ಲಿ ಓಡುತ್ತದೆ ಎಂಬುದನ್ನು ಕಂಡುಹಿಡಿಯಲು ಕರ್ನಾಟಕದ ಹಳ್ಳಿಗಳಲ್ಲೇ ನಡೆದ ಸಂಶೋಧನೆಯೊಂದಿದೆ. ಬ್ಯಾನರ್ಜಿ, ಡುಫ್ಲೊ ಮತ್ತು ಸಹೋದ್ಯೋಗಿಗಳು 213 ಹಳ್ಳಿಗಳಲ್ಲಿ, ಒಂದು ಸುದ್ದಿ ಊರಿಗೆಲ್ಲ ತಿಳಿಯಬೇಕಾದರೆ ಯಾರಿಗೆ ಹೇಳಬೇಕು ಎಂದು ಜನರನ್ನೇ ಕೇಳಿ, ಅವರು ಹೆಸರಿಸಿದವರ ಕಿವಿಗೆ ಸುದ್ದಿ ಹಾಕಿದರು. ಗೊತ್ತುಗುರಿಯಿಲ್ಲದೆ ಆರಿಸಿದವರಿಗಿಂತ, ಊರ ಹಿರಿಯರಿಗಿಂತ, ಇವರ ಮೂಲಕ ಸುದ್ದಿ ದೂರ ಹೋಯಿತು. ಮುಂದೆ ಹರಿಯಾಣದಲ್ಲಿ ಮಕ್ಕಳ ಲಸಿಕೆಗೂ ಈ ಉಪಾಯವನ್ನು ಬಳಸಿ ಫಲ ಕಂಡರು. ಪಂಚಾಯಿತಿ ಅಧ್ಯಕ್ಷರ ಫೋಟೊ ಇರುವ ಬ್ಯಾನರಿಗಿಂತ ಬಾವಿಕಟ್ಟೆಯ ಬಾಯಿ ದೊಡ್ಡದು ಎಂಬುದು ನಮ್ಮ ಹಳ್ಳಿಯವರಿಗೆ ಹೊಸ ಸಂಗತಿಯಲ್ಲ.

ವೈದ್ಯರ ಮಾತಿಗೂ ಈ ಬಲವಿದೆ. ಝೆಕ್ ಗಣರಾಜ್ಯದಲ್ಲಿ ಸುಮಾರು ಶೇ. 90 ವೈದ್ಯರು ಕೋವಿಡ್ ಲಸಿಕೆಯನ್ನು ನಂಬಿದ್ದರು. ಜನ ಮಾತ್ರ ಅರ್ಧದಷ್ಟು ವೈದ್ಯರಷ್ಟೇ ನಂಬುತ್ತಾರೆಂದು ತಿಳಿದಿದ್ದರು. ಪರ ಒಬ್ಬರು, ವಿರೋಧ ಒಬ್ಬರು ಎಂದು ಕೂರಿಸಿ ಟಿವಿ ನಡೆಸುವ ಚರ್ಚೆಗಳನ್ನು ನೋಡುವವರಿಗೆ ಹಾಗನ್ನಿಸುವುದು ಸಹಜ. ನಿಜವಾದ ಸಂಖ್ಯೆಯನ್ನು ತಿಳಿಸಿದ್ದರಿಂದಲೇ ಲಸಿಕೆ ಪಡೆದವರು ನೂರಕ್ಕೆ ನಾಲ್ಕರಷ್ಟು ಏರಿದರು, ಆ ಪರಿಣಾಮ ಒಂಬತ್ತು ತಿಂಗಳು ಉಳಿಯಿತು.

ನೋವನ್ನು ಮುಚ್ಚಿಟ್ಟರೆ

ನಂಬಿಕೆಯ ಪರೀಕ್ಷೆ ನಡೆಯುವುದು ಅಡ್ಡಪರಿಣಾಮದ ಮಾತು ಬಂದಾಗ. ಮಲೆನಾಡಿನವರಿಗೆ ಇದು ಮಂಗನ ಕಾಯಿಲೆಯ ಲಸಿಕೆಯಿಂದ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣುಗಿನ ಕಡಿತದಿಂದ ಬರುತ್ತದೆ. ಸೊಪ್ಪು, ದರಗು, ಸೌದೆಗೆ ಕಾಡಿಗೆ ಹೋಗುವವರೇ ಹೆಚ್ಚಾಗಿ ಇದರ ಬಲಿ. ದಶಕಗಳ ಕಾಲ ಕೊಟ್ಟ ಲಸಿಕೆಯ ಕ್ರಮ ದೊಡ್ಡದು: ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ವರ್ಷ ವರ್ಷ. ಚುಚ್ಚಿದ ಜಾಗ ಊದಿ ನೋಯುತ್ತಿತ್ತು. ಮರುದಿನ ತೋಟದ ಕೆಲಸಕ್ಕೆ ಕೈ ಏಳದವರು ಎರಡನೇ ಡೋಸಿಗೆ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ದಾಖಲೆಗಳ ಅಧ್ಯಯನವೊಂದರ ಪ್ರಕಾರ ಎರಡು ಡೋಸಿನ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು, ಒಂದೇ ಡೋಸಿನಿಂದ ಲಾಭ ಕಾಣಲಿಲ್ಲ. ಹೀಗಾಗಿ ಒಂದು ಡೋಸ್ ಪಡೆದು ನಿಲ್ಲಿಸಿದವರಿಗೆ ನೋವು ಸಿಕ್ಕಿತು, ರಕ್ಷಣೆ ಸಿಗಲಿಲ್ಲ. ಅಂಥವರಲ್ಲಿ ಒಬ್ಬರಿಗೆ ಕಾಯಿಲೆ ಬಂದರೂ ಲಸಿಕೆ ವ್ಯರ್ಥ ಎಂಬ ಮಾತು ಊರೆಲ್ಲ ಸುತ್ತುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಸಾವುಗಳಾದಾಗ ಇದೇ ಜನ ಲಸಿಕೆ ಎಲ್ಲಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಎಲ್ಲಿ ಎಂದು ಕೇಳಿದರು. ಕೊನೆಗೆ 2022ರಲ್ಲಿ ಲಸಿಕೆಯ ಸತ್ವವೇ ಸಾಲದೆಂದು ಅದನ್ನು ನಿಲ್ಲಿಸಲಾಯಿತು. ಇಂಥ ಲಸಿಕೆಗೆ ಎಂಥ ಘೋಷಣೆ ಬರೆದರೂ ಉಪಯೋಗ ಅಷ್ಟಕ್ಕಷ್ಟೆ. ಎರಡು ದಿನ ನೋಯುತ್ತದೆ, ಒಂದಕ್ಕೇ ನಿಲ್ಲಿಸಿದರೆ ಪ್ರಯೋಜನವಿಲ್ಲ, ಪೂರಾ ಮಾಡಿದರೂ ಕೆಲವರಿಗೆ ಬರಬಹುದು ಎಂದು ಮೊದಲೇ ಹೇಳಿದ್ದರೆ ಕೆಲವರು ದೂರ ಉಳಿಯುತ್ತಿದ್ದರು. ಬಂದವರು ಮಾತ್ರ ಮೋಸ ಹೋದೆವೆಂದು ಹೇಳುತ್ತಿರಲಿಲ್ಲ.

ಡೆನ್ಮಾರ್ಕಿನ ಮೈಕೆಲ್ ಬಾಂಗ್ ಪೀಟರ್ಸನ್ ತಂಡ ಈ ಲಾಭನಷ್ಟವನ್ನು ಅಳೆದು ನೋಡಿದೆ. ಲಸಿಕೆಯ ದೋಷಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ತತ್ಕ್ಷಣದ ಒಪ್ಪಿಗೆ ತುಸು ತಗ್ಗುತ್ತದೆ, ಆರೋಗ್ಯ ಸಂಸ್ಥೆಗಳ ಮೇಲಿನ ನಂಬಿಕೆ ಏರುತ್ತದೆ. ಎಲ್ಲ ಸರಿಯಿದೆ, ಚಿಂತೆ ಬೇಡ ಎಂದು ಮೇಲುಮೇಲೆ ಸಮಾಧಾನ ಹೇಳಿದರೆ ಒಪ್ಪಿಗೆ ಏರುವುದಿಲ್ಲ, ನಂಬಿಕೆ ಇಳಿಯುತ್ತದೆ, ಪಿತೂರಿಯ ಕಲ್ಪನೆಗಳು ಬೆಳೆಯುತ್ತವೆ. ನಮ್ಮ ಇಲಾಖೆಗಳ ವಾಡಿಕೆಯ ಭಾಷೆ ಈ ಎರಡನೆಯದೇ.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಚರಿತ್ರೆ ಇದನ್ನು ಇನ್ನಷ್ಟು ಬಿಡಿಸಿ ತೋರಿಸುತ್ತದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಅಮೆರಿಕದ ಪಾಥ್ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜೊತೆಗೂಡಿ ನಡೆಸಿದ ಯೋಜನೆಯಲ್ಲಿ ಲಸಿಕೆ ಪಡೆದ ಏಳು ಹುಡುಗಿಯರು ಸತ್ತರು. ತನಿಖೆಯಲ್ಲಿ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಆದರೆ ಹಾಸ್ಟೆಲುಗಳಲ್ಲಿ ತಂದೆತಾಯಿಯರ ಬದಲು ವಾರ್ಡನ್‌ಗಳು ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ್ದು ಬೆಳಕಿಗೆ ಬಂತು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು, ದೇಶದಲ್ಲಿ ಎಚ್‌ಪಿವಿಯ ಪಯಣ ವರ್ಷಗಟ್ಟಲೆ ಹಿಂದೆಬಿತ್ತು. ಒಪ್ಪಿಗೆ ಕೇಳುವುದೂ ಒಂದು ಸಂದೇಶ, ಕೇಳದಿರುವುದು ಅದಕ್ಕಿಂತ ಜೋರಾದ ಸಂದೇಶ. ಇದಕ್ಕೆ ಎದುರಾಗಿ, 2018ರಲ್ಲಿ ಸಿಕ್ಕಿಂ ಶಿಕ್ಷಕರು, ಪೋಷಕರು, ಪತ್ರಕರ್ತರನ್ನು ಮೊದಲೇ ಜೊತೆಗೆ ಕೂರಿಸಿಕೊಂಡು ಶೇ. 95ಕ್ಕೂ ಹೆಚ್ಚು ಹುಡುಗಿಯರಿಗೆ ಇದೇ ಲಸಿಕೆ ಮುಟ್ಟಿಸಿತು. ಜಪಾನಿನಲ್ಲಿ 2013ರ ಜೂನ್‌ನಲ್ಲಿ, ಅಡ್ಡಪರಿಣಾಮದ ಸುದ್ದಿಗಳ ಗದ್ದಲದಲ್ಲಿ, ಸರ್ಕಾರ ಲಸಿಕೆಯನ್ನು ನಿಷೇಧಿಸಲಿಲ್ಲ, ಶಿಫಾರಸು ಮಾಡುವುದನ್ನು ನಿಲ್ಲಿಸಿತು ಅಷ್ಟೆ. ಶೇ. 70ರಷ್ಟಿದ್ದ ಪ್ರಮಾಣ ಶೇ. 1ಕ್ಕಿಂತ ಕೆಳಗೆ ಬಿತ್ತು. ಶಿಫಾರಸು ಪೂರ್ತಿಯಾಗಿ ಮರಳಿದ್ದು 2022ರಲ್ಲಿ.

ವದಂತಿಯ ವೇಗ, ಹಾಸನದ ಪಾಠ

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಿದ್ದವು. ಒಂಬತ್ತು ತಿಂಗಳಿಂದ ಹದಿನೈದು ವರ್ಷದ ಮಕ್ಕಳಿಗೆಲ್ಲ ಶಾಲೆಯಲ್ಲೇ ಚುಚ್ಚುಮದ್ದು. ಇಲಾಖೆಯ ಸುತ್ತೋಲೆ ಶಾಲೆ ತಲುಪುವ ಮೊದಲೇ ವಾಟ್ಸ್ಆ್ಯಪ್ ಆಡಿಯೊ ತಾಯಂದಿರನ್ನು ತಲುಪಿತ್ತು. ಮೊದಲೇ ಲಸಿಕೆ ಹಾಕಿಸಿದ ಮಗುವಿಗೆ ಮತ್ತೆ ಯಾಕೆ ಎಂಬ ಸರಳ ಪ್ರಶ್ನೆಗೆ ಉತ್ತರ ಸಿದ್ಧವಿರದ ಕಡೆ ವದಂತಿ ಆ ಖಾಲಿ ಜಾಗದಲ್ಲಿ ಕೂತಿತು.

ಎಂಟು ವರ್ಷದ ನಂತರ, 2025ರಲ್ಲಿ, ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ರಾಜ್ಯವನ್ನು ಅಲುಗಾಡಿಸಿತು. ಸತ್ತವರಲ್ಲಿ ಎಳೆಯರಿದ್ದರು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣವಿರಬಹುದೆಂದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಅದನ್ನು ಅಲ್ಲಗಳೆಯಿತು. 47 ಆಸ್ಪತ್ರೆಗಳಲ್ಲಿ ನಡೆದ ಐಸಿಎಂಆರ್ ಅಧ್ಯಯನದ ಪ್ರಕಾರ ಲಸಿಕೆಯಿಂದ ಹಠಾತ್ ಸಾವಿನ ಅಪಾಯ ಹೆಚ್ಚಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಅಂಥ ಸಾವಿನ ಇತಿಹಾಸ, ಸಾವಿಗೆ ಮುಂಚಿನ ಅತಿಯಾದ ಕುಡಿತ ಇವು ಕಾರಣಗಳಾಗಿ ಕಂಡವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ರಾಜ್ಯದ ಸಮಿತಿಯೂ ಲಸಿಕೆಯ ನಂಟನ್ನು ಕಾಣಲಿಲ್ಲ. ಅಷ್ಟರಲ್ಲಿ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಉದ್ದುದ್ದ ಸಾಲು ನಿಂತಿತ್ತು.

ಅನುಮತಿಯ ಅವಸರದ ಮಾತಿಗೆ ಒಂದು ಹಿನ್ನೆಲೆ ಇದೆ ಎಂಬುದನ್ನೂ ಹೇಳಬೇಕು. 2021ರ ಜನವರಿಯಲ್ಲಿ ಕೊವ್ಯಾಕ್ಸಿನ್‌ಗೆ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಅನುಮತಿ ಸಿಕ್ಕಿತು, ಆಗ ಆರೋಗ್ಯ ಕಾರ್ಯಕರ್ತರಲ್ಲೇ ಹಲವರು ಹಿಂದೆಮುಂದೆ ನೋಡಿದರು. ಆ ದಿನಗಳ ಪ್ರಶ್ನೆಗಳಿಗೆ ಸಮಾಧಾನವಾಗುವ ಉತ್ತರ ಸಿಗದೆ ಹೋದದ್ದರ ಬಡ್ಡಿಯನ್ನು ಹಾಸನದಲ್ಲಿ ತೆತ್ತೆವು. ಪಕ್ಷ ರಾಜಕಾರಣ ಅದಕ್ಕೆ ಗಾಳಿ ಹಾಕಿತು. ಸಮಿತಿಯ ವರದಿ ಎಷ್ಟೇ ಖಚಿತವಾಗಿರಲಿ, ಅದು ಬರುವ ಹೊತ್ತಿಗೆ ಜನ ತಮ್ಮ ತೀರ್ಮಾನಕ್ಕೆ ಬಂದಾಗಿರುತ್ತದೆ.

ಒತ್ತಾಯದ ಲೆಕ್ಕ

ಇಷ್ಟೆಲ್ಲ ಮಾತೇಕೆ, ಕಡ್ಡಾಯ ಮಾಡಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಸಿಡುಬು ನಿರ್ಮೂಲನದ ಕೊನೆಯ ವರ್ಷಗಳಲ್ಲಿ, 1973ರಿಂದ 75ರ ನಡುವೆ, ಉತ್ತರ ಭಾರತದ ಕೆಲವೆಡೆ ರಾತ್ರಿ ಮನೆಗೆ ನುಗ್ಗಿ, ಹಿಡಿದು ಚುಚ್ಚಿದ್ದೂ ಇದೆ. ಸಿಡುಬು ಹೋಯಿತು, ಭಯ ಉಳಿಯಿತು. ಕೋವಿಡ್ ಕಾಲದಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಲಸಿಕೆ ಇಲ್ಲದವರಿಗೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂಬ ಮಾತು ಬಂದು ವಿವಾದವಾಯಿತು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಯಾರನ್ನೂ ಬಲವಂತದಿಂದ ಲಸಿಕೆಗೆ ಒಳಪಡಿಸಲಾಗದು ಎಂದಿತು. ಲಸಿಕಾ ನೀತಿಯನ್ನು ಎತ್ತಿಹಿಡಿದ ಆ ತೀರ್ಪೇ ಅಡ್ಡಪರಿಣಾಮಗಳ ವರದಿಯನ್ನು ಸಾರ್ವಜನಿಕರ ಮುಂದಿಡಿ ಎಂದೂ ಹೇಳಿತು. ಒತ್ತಾಯದಿಂದ ಈ ಸಲದ ಗುರಿ ಮುಟ್ಟಬಹುದು, ಮುಂದಿನ ಲಸಿಕೆಗೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಒಟ್ಟಾರೆ ತೂಗಿದರೆ

ಈ ಪುರಾವೆಗಳಿಂದ ಒಂದು ಕ್ರಮ ಕಟ್ಟಬಹುದು. ಮನಸ್ಸಿದ್ದೂ ಮುಂದೂಡುವವರು ಎಲ್ಲೆಡೆ ಹೆಚ್ಚಿನವರು. ಅವರಿಗೆ ಬೇಕಾದದ್ದು ದಿನ, ಜಾಗ, ಸಮಯ ತಿಳಿಸುವ ನೆನಪು, ಮತ್ತು ಹೋದಾಗ ಲಸಿಕೆ ಇರುವುದು. ಅನುಮಾನವಿರುವವರು ಎರಡನೆಯವರು. ಅವರಿಗೆ ಬೇಕಾದದ್ದು ಕೂತು ಕೇಳುವ ಒಬ್ಬ ಪರಿಚಿತ ಮನುಷ್ಯ, ನೋವು ಜ್ವರಗಳ ಬಗ್ಗೆ ಮುಚ್ಚುಮರೆಯಿಲ್ಲದ ಮಾತು. ಪೂರ್ತಿ ನಿರಾಕರಿಸುವವರು ಸಾಮಾನ್ಯವಾಗಿ ಕೆಲವೇ ಮಂದಿ. ಅವರ ಜೊತೆ ಟಿವಿಯಲ್ಲಿ ಜಗಳಕ್ಕೆ ನಿಂತರೆ ನೋಡುವವರಿಗೆ ಇಬ್ಬರೂ ಸಮಬಲರಂತೆ ಕಾಣುತ್ತಾರೆ.

ನಮ್ಮಲ್ಲಿ ಹಣ ಹರಿಯುವುದು ಇದಕ್ಕೆ ತಲೆಕೆಳಗಾಗಿ. ಬಸ್ಸಿನ ಹಿಂಬದಿಯ ಜಾಹೀರಾತಿಗೆ ಬಜೆಟ್ ಇರುತ್ತದೆ. ಮನೆ ಬಾಗಿಲಲ್ಲಿ ನಿಂತು ಬೈಗುಳವನ್ನೂ ತಿಂದು, ತಾಯಿ ಕಾರ್ಡ್ ತೆಗೆಸಿ ನೋಡಿ, ಬಾರದ ಮಗುವಿನ ಮನೆಗೆ ಮತ್ತೆ ಹೋಗುವ ಆಶಾ ಕಾರ್ಯಕರ್ತೆಯರು ತಿಂಗಳಿಗೊಂದು ಖಚಿತ ಗೌರವಧನ ಕೊಡಿ ಎಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಪುರಾವೆಗಳೆಲ್ಲ ಬೆರಳು ತೋರುವ ಸಂದೇಶವಾಹಕಿ ಇವಳೇ. ಅವಳಿಗೆ ಕೊಡುವ ಸಂಬಳ, ತರಬೇತಿ, ಲಸಿಕೆ ಹಾಕಿದ ಮರುದಿನ ಆ ಮನೆಗೆ ಹೋಗಿ ಜ್ವರ ಇಳಿಯಿತೇ ಎಂದು ಕೇಳಲು ಬೇಕಾದ ಬಿಡುವು, ಇವನ್ನು ಪ್ರಚಾರದ ಖರ್ಚೆಂದೇ ಲೆಕ್ಕ ಹಾಕಬೇಕು.

ಐಸಿಎಂಆರ್ ಹಾಗೂ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಮಂಗನ ಕಾಯಿಲೆಗೆ ಹೊಸ ಲಸಿಕೆ ಸಿದ್ಧಪಡಿಸುತ್ತಿವೆ. ಹಳೆಯದರಿಂದ ಕೈ ಊದಿಸಿಕೊಂಡವರ ಊರುಗಳಿಗೇ ಅದು ಹೋಗಬೇಕು. ಹಳೆಯದು ಯಾಕೆ ಸೋತಿತು, ಹೊಸದರಲ್ಲಿ ಏನು ಬೇರೆ, ಎಷ್ಟು ನೋಯುತ್ತದೆ, ತೊಂದರೆಯಾದರೆ ಖರ್ಚು ಯಾರದು, ಕೂಲಿ ತಪ್ಪಿದರೆ ಕೊಡುವವರು ಯಾರು ಎಂದು ಅಲ್ಲಿನವರು ಕೇಳಿಯೇ ಕೇಳುತ್ತಾರೆ. ಅವರ ಗ್ರಾಮಸಭೆಯಲ್ಲಿ ಈ ಐದು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡಲು ಇಲಾಖೆ ತಯಾರಾದ ದಿನ ಪ್ರಚಾರದ ಮುಕ್ಕಾಲು ಕೆಲಸ ಮುಗಿದಂತೆ. ತಯಾರಾಗದಿದ್ದರೆ ಎಷ್ಟು ಚೆಂದದ ಘೋಷವಾಕ್ಯ ಬರೆಸಿದರೂ ಅದು ಗೋಡೆಯ ಮೇಲೆಯೇ ಉಳಿಯುತ್ತದೆ.